ಕಂಚಿನ ಸದ್ದನ್ನು ಲೆಕ್ಕದಿಂದ ಕಟ್ಟುವುದು: ಗಂಟೆ, ಜಾಗಟೆಗಳ ಭೌತಿಕ ಮಾದರಿಗೊಂದು ಮಾರ್ಗದರ್ಶಿ

ಹೊಡೆದ ಲೋಹದ ಸದ್ದನ್ನು ಕಂಪ್ಯೂಟರಿನಲ್ಲಿ ಮೊದಲ ಸಲ ಕಟ್ಟಲು ಕುಳಿತಾಗ ನಾನು ಎಂಟು ಸೈನ್ ಅಲೆಗಳನ್ನು ಗಂಟೆಗೆ ತಕ್ಕ ಆವೃತ್ತಿಗಳಲ್ಲಿಯೇ (ಫ್ರೀಕ್ವೆನ್ಸಿ) ಜೋಡಿಸಿ, ಎಂಟೂ ಐದು ಸೆಕೆಂಡಿನಲ್ಲಿ ಒಟ್ಟಿಗೆ ಇಳಿದುಹೋಗುವಂತೆ ಮಾಡಿದ್ದೆ. ಪಕ್ಕದ ಕೋಣೆಯಲ್ಲಿದ್ದ ಅಮ್ಮ ಅದನ್ನು ಕೇಳಿ, "ಲಿಫ್ಟು ಬಂತೇನೋ?" ಎಂದರು. ಆವೃತ್ತಿಗಳಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ಅವು ಇಳಿಯುವ ಬಗೆಯಲ್ಲಿ. ಕಂಚಿನ ಗಂಟೆಯಲ್ಲಿ ಮೇಲಿನ ಸದ್ದುಗಳು ಮೊದಲು ಅಡಗುತ್ತವೆ, ನಡುವಿನವು ಅವುಗಳ ಹಿಂದೆ ಹೋಗುತ್ತವೆ, ಕೆಳಗಿನ ಒಂದು ಗುಂಯ್‌ಕಾರ ಮಾತ್ರ ಕೊನೆಯವರೆಗೆ ಉಳಿಯುತ್ತದೆ. ಇದು ಕಂಚೋ, ಗಾಜೋ, ಮರವೋ ಎಂಬುದನ್ನು ಕಿವಿ ತೀರ್ಮಾನಿಸುವುದು ಬಹುಪಾಲು ಈ ಇಳಿಕೆಯ ಕ್ರಮದಿಂದ. ಆದ್ದರಿಂದ ಈ ಲೇಖನದಲ್ಲಿ ಆವೃತ್ತಿಗಳ ಅನುಪಾತಗಳಿಗಿಂತ ಇಳಿಕೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ರೆಕಾರ್ಡ್ ಮಾಡಿದ ಸದ್ದನ್ನೇ ಸ್ಯಾಂಪಲ್ ಆಗಿ ಬಳಸಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಂದೇ ಹೊಡೆತ ಬೇಕಿದ್ದರೆ ಸ್ಯಾಂಪಲ್ ಧಾರಾಳವಾಗಿ ಸಾಕು. ಆದರೆ ತೆಂಕುತಿಟ್ಟು ಯಕ್ಷಗಾನದ ಭಾಗವತರ ಕೈಯ ಜಾಗಟೆಯಂತೆ ಒಂದೇ ಲೋಹದ ಮೇಲೆ ಮೆಲ್ಲಗೆ, ಜೋರಾಗಿ, ಅಂಚಿಗೆ, ನಡುವಿಗೆ ಹೊಡೆತಗಳು ಒಂದರ ಹಿಂದೊಂದು ಬೀಳುವಾಗ, ಅದೇ ಸ್ಯಾಂಪಲ್ ಮತ್ತೆ ಮತ್ತೆ ಮೊಳಗಿ ಸದ್ದು ಜೀವ ಕಳೆದುಕೊಳ್ಳುತ್ತದೆ. ಭೌತಿಕ ಮಾದರಿಯಲ್ಲಿ ಇರುವುದು ಧ್ವನಿಯ ದಾಖಲೆಯಲ್ಲ, ಕಂಪಿಸುವ ವಸ್ತುವಿನ ಲೆಕ್ಕ. ಆ ವಸ್ತುವಿಗೆ ನೀವು ಯಾವ ಹೊಡೆತವನ್ನಾದರೂ ಕೊಡಬಹುದು.

ಲೆಕ್ಕ ಸರಳವಾದದ್ದು. ಯಾವುದೇ ಗಟ್ಟಿ ವಸ್ತುವಿಗೆ ತನ್ನದೇ ಆದ ಕೆಲವು ಕಂಪನ ವಿಧಗಳಿರುತ್ತವೆ. ಈ ಕ್ಷೇತ್ರದವರು ಅವನ್ನು ಮೋಡ್ ಎಂದೇ ಕರೆಯುತ್ತಾರೆ. ಪ್ರತಿ ಮೋಡ್‌ಗೆ ಮೂರು ಸಂಖ್ಯೆಗಳು ಸಾಕು: ಅದರ ಆವೃತ್ತಿ, ಹೊಡೆದಾಗ ಅದು ಎಷ್ಟು ಜೋರಾಗಿ ಏಳುತ್ತದೆ, ಎಷ್ಟು ಹೊತ್ತಿನಲ್ಲಿ ಅಡಗುತ್ತದೆ. ಇಂಥ ಎಂಟು, ಮೂವತ್ತು, ಅರವತ್ತು ಮೋಡ್‌ಗಳನ್ನು ಅಕ್ಕಪಕ್ಕ ನಿಲ್ಲಿಸಿ, ಎಲ್ಲದಕ್ಕೂ ಒಂದೇ ಹೊಡೆತವನ್ನು ಕೊಟ್ಟರೆ ಮೋಡಲ್ ಸಿಂಥಸಿಸ್ ಆಯಿತು.

ಯಾವ ತಂತ್ರಾಂಶ?

ನಾಬ್ ತಿರುಗಿಸಿ ಕೆಲಸ ಮಾಡುವವರಿಗೆ ಹಣ ಕೊಟ್ಟು ಕೊಳ್ಳುವ ಎರಡು ಆಯ್ಕೆಗಳನ್ನು ಹೇಳಬಹುದು. ಆಬಲ್‌ಟನ್ ಲೈವ್ ಎಂಬ ಸಂಗೀತ ತಂತ್ರಾಂಶದಲ್ಲಿರುವ ಕೊಲಿಷನ್ ಎಂಬ ವಾದ್ಯ 2009ರಲ್ಲಿ ಲೈವ್ 8ರ ಜೊತೆ ಬಂದದ್ದು. ಅದನ್ನು ಮಾಂಟ್ರಿಯಲ್‌ನ ಅಪ್ಲೈಡ್ ಅಕೌಸ್ಟಿಕ್ಸ್ ಸಿಸ್ಟಮ್ಸ್ ಸಂಸ್ಥೆಯ ಜೊತೆಗೂಡಿ ರೂಪಿಸಲಾಯಿತು. ಅದೇ ಸಂಸ್ಥೆ 2012ರಲ್ಲಿ ಕ್ರೋಮಾಫೋನ್ ಎಂಬ ಪ್ರತ್ಯೇಕ ತಂತ್ರಾಂಶವನ್ನು ಹೊರತಂದಿತು. ಎರಡರಲ್ಲೂ ಒಂದು ಕೋಲು, ಎರಡು ರೆಸೋನೇಟರ್ (ಹೊಡೆತಕ್ಕೆ ಮೊಳಗುವ ಭಾಗ) ಎಂಬುದೇ ಮೂಲ ವಿನ್ಯಾಸ.

ಹಣ ಖರ್ಚು ಮಾಡಲು ಮನಸ್ಸಿಲ್ಲದವರು ವಿಸಿವಿ ರ‍್ಯಾಕ್ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳಬಹುದು. ಪ್ಯಾರಿಸಿನ ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್ ತನ್ನ ಎಲಿಮೆಂಟ್ಸ್ ಎಂಬ ಯಂತ್ರದ ಮೂಲಸಂಕೇತವನ್ನು ಮುಕ್ತವಾಗಿ ಬಿಟ್ಟುಕೊಟ್ಟಿದ್ದರಿಂದ, ಅದರ 64 ಮೋಡ್‌ಗಳ ರೆಸೋನೇಟರ್ ಅಲ್ಲಿ ಆಡಿಬಲ್ ಇನ್‌ಸ್ಟ್ರುಮೆಂಟ್ಸ್ ಎಂಬ ಗುಚ್ಛದಲ್ಲಿ ಮೋಡಲ್ ಸಿಂಥಸೈಸರ್ ಎಂಬ ಹೆಸರಿನಿಂದ ಉಚಿತವಾಗಿ ಸಿಗುತ್ತದೆ. ಇನ್ನು ಪ್ರತಿ ಮೋಡ್‌ನ ಸಂಖ್ಯೆಯನ್ನೂ ತಾವೇ ಬರೆಯಬಯಸುವವರಿಗೆ, ನಾಲ್ಕು ಸಾಲಿನ ಪ್ರೋಗ್ರಾಮಿಗೆ ಹೆದರದವರಿಗೆ, ಸೂಪರ್‌ಕೊಲೈಡರ್ ಮತ್ತು ಸಿಸೌಂಡ್ ಇವೆ, ಇವೂ ಉಚಿತವೇ. ನನ್ನ ಸಲಹೆ ಕೇಳುವುದಾದರೆ, ಅಳತೆ ಮಾಡಿದ ನಿಜವಾದ ಗಂಟೆಯೊಂದನ್ನು ಮರುಕಟ್ಟಲು ಸೂಪರ್‌ಕೊಲೈಡರಿನ ಕ್ಲ್ಯಾಂಕ್ ಎಂಬ ಘಟಕಕ್ಕೆ ಸಾಟಿಯಿಲ್ಲ. ಆವೃತ್ತಿ, ಬಲ, ಇಳಿಕೆಯ ಸಮಯ ಎಂಬ ಮೂರು ಪಟ್ಟಿಗಳನ್ನು ಅದು ನೇರವಾಗಿ ತೆಗೆದುಕೊಳ್ಳುತ್ತದೆ, ಹೊಡೆತವೊಂದನ್ನು ಬಿಟ್ಟು ಬೇರೇನನ್ನೂ ಕೇಳುವುದಿಲ್ಲ.

ಮೊದಲು ಮನೆಯ ಲೋಹವನ್ನು ಅಳೆಯಿರಿ

ತಂತ್ರಾಂಶ ತೆರೆಯುವ ಮೊದಲು ನಿಜವಾದ ವಸ್ತುವೊಂದನ್ನು ರೆಕಾರ್ಡ್ ಮಾಡಿಕೊಳ್ಳಿ. ಜಾಗಟೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ದೇವರ ಮನೆಯ ಗಂಟೆ, ಭಜನೆಯ ತಾಳ, ಕಂಚಿನ ಬಟ್ಟಲು ಯಾವುದಾದರೂ ಆದೀತು. ಜಾಗಟೆಯನ್ನು ದಾರದಿಂದ ತೂಗುಹಾಕಿ, ಕೈಯಲ್ಲಿ ಅಂಚು ಹಿಡಿಯಬೇಡಿ. ಬೆರಳು ತಗುಲಿದ ಕಡೆ ಅರ್ಧ ಮೋಡ್‌ಗಳು ಸತ್ತುಹೋಗಿರುತ್ತವೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದಾದರೆ ಗದ್ದಲ ಕಡಿಮೆ ಮಾಡುವ, ಧ್ವನಿಯ ಮಟ್ಟವನ್ನು ತಾನಾಗಿಯೇ ಏರಿಸಿ ಇಳಿಸುವ ಸೌಲಭ್ಯಗಳನ್ನು ಕಡ್ಡಾಯವಾಗಿ ನಿಲ್ಲಿಸಬೇಕು, ಏಕೆಂದರೆ ನಮಗೆ ಬೇಕಾದ ಅನುರಣನದ ಬಾಲವನ್ನೇ ಅವು ಗದ್ದಲವೆಂದು ತಿಳಿದು ಅಳಿಸಿಹಾಕುತ್ತವೆ. ಫ್ಯಾನು ನಿಲ್ಲಿಸಿ, ಒಂದೊಂದು ಹೊಡೆತ ಪೂರ್ತಿ ಅಡಗುವವರೆಗೆ ಕಾದು, ಐದಾರು ಹೊಡೆತಗಳನ್ನು ಹಿಡಿದಿಡಿ.

ಆ ಕಡತವನ್ನು ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ತೆರೆದು, ಹೊಡೆತದ ಕ್ಷಣವನ್ನು ಬಿಟ್ಟು ಅದರ ನಂತರದ ಸುಮಾರು ಒಂದೂವರೆ ಸೆಕೆಂಡನ್ನು ಆಯ್ದುಕೊಂಡು, ವಿಶ್ಲೇಷಣೆಯ ಮೆನುವಿನಿಂದ ಸ್ಪೆಕ್ಟ್ರಮ್ ಚಿತ್ರ, ಎಂದರೆ ಯಾವ ಆವೃತ್ತಿ ಎಷ್ಟು ಜೋರಾಗಿದೆ ಎಂಬುದರ ನಕ್ಷೆ, ತೆಗೆಯಿರಿ. ಗಾತ್ರದ ಜಾಗದಲ್ಲಿ 65536 ಆರಿಸಿದರೆ, ಸೆಕೆಂಡಿಗೆ 44100 ಬಿಂದುಗಳ ರೆಕಾರ್ಡಿಂಗಿನಲ್ಲಿ ಪ್ರತಿ ಗೆರೆಯ ನಡುವಿನ ಅಂತರ 0.67 ಹರ್ಟ್ಸ್ ಆಗುತ್ತದೆ. ಅಷ್ಟು ಸೂಕ್ಷ್ಮತೆ ಏಕೆ ಬೇಕೆಂಬುದು ಮುಂದೆ ತಿಳಿಯುತ್ತದೆ. ಚಿತ್ರದಲ್ಲಿ ಎದ್ದು ನಿಂತ ಚೂಪು ಶಿಖರಗಳೇ ನಿಮ್ಮ ಲೋಹದ ಮೋಡ್‌ಗಳು. ಮೊದಲ ಎಂಟು ಹತ್ತನ್ನು ಕಾಗದದಲ್ಲಿ ಬರೆದುಕೊಂಡು, ಎಲ್ಲವನ್ನೂ ಅತ್ಯಂತ ಕೆಳಗಿನದರಿಂದ ಭಾಗಿಸಿ. ಬಂದ ಸಂಖ್ಯೆಗಳೇ ಆ ವಸ್ತುವಿನ ಅನುಪಾತಗಳು.

ಅಳೆಯಲು ಏನೂ ಸಿಗದವರು ತಿಳಿದ ಅನುಪಾತಗಳಿಂದ ಶುರುಮಾಡಬಹುದು. ಅಂಚು ಬಿಡುಬಿಡುವಾಗಿರುವ ಚಪ್ಪಟೆ ವೃತ್ತಾಕಾರದ ತಟ್ಟೆಗೆ ಅವು ಸರಿಸುಮಾರು 1, 1.73, 2.33, 3.91, 4.11, 6.30, 6.71, 7.34. ಜಾಗಟೆಗೆ ಇದು ಒಳ್ಳೆಯ ಆರಂಭ. ಅಂಚು ಮಡಿಚಿದ್ದರೆ, ತೂಗುಹಾಕಲು ತೂತು ಕೊರೆದಿದ್ದರೆ ಸಂಖ್ಯೆಗಳು ಒಂದಿಷ್ಟು ಅತ್ತಿತ್ತ ಸರಿಯುತ್ತವೆ. ಎರಡೂ ತುದಿ ಬಿಟ್ಟ ಲೋಹದ ಪಟ್ಟಿಗೆ 1, 2.76, 5.40, 8.93. ಯುರೋಪಿನ ಶ್ರುತಿಗೊಳಿಸಿದ ಚರ್ಚ್ ಗಂಟೆಗೆ 0.5, 1, 1.2, 1.5, 2, ಆಮೇಲೆ 3, 4ರ ಸುತ್ತಮುತ್ತ. ಈ ಕೊನೆಯದರಲ್ಲಿ ಒಂದು ಸೊಗಸಿದೆ: ಕಿವಿ ಕೇಳುವ ಸ್ವರ 2, 3, 4 ಎಂಬ ಮೂರರ ಒಗ್ಗೂಡುವಿಕೆಯಿಂದ ಹುಟ್ಟುತ್ತದೆ, 1ರ ಜಾಗದ ಮೋಡ್ ದುರ್ಬಲವಾಗಿದ್ದರೂ ಅಲ್ಲಿಯೇ ಸ್ವರವಿದೆ ಎಂದು ಅನ್ನಿಸುತ್ತದೆ. ಆ ಅಚ್ಚುಕಟ್ಟನ್ನು ನಮ್ಮ ಊರ ದೇವಸ್ಥಾನದ ಗಂಟೆಯಿಂದ ನಿರೀಕ್ಷಿಸಬೇಡಿ. ಅದರ ಅನುಪಾತಗಳನ್ನು ಅಳೆದೇ ತಿಳಿಯಬೇಕು.

ಗಾತ್ರದ ಬಗ್ಗೆ ಒಂದು ಮಾತು. ಒಂದೇ ಲೋಹದ ತಟ್ಟೆಯ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ಆವೃತ್ತಿ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ದಪ್ಪವನ್ನು ಎರಡು ಪಟ್ಟು ಮಾಡಿದರೆ ಆವೃತ್ತಿಯೂ ಎರಡು ಪಟ್ಟಾಗುತ್ತದೆ. ದೊಡ್ಡ ಜಾಗಟೆ ಬೇಕೆಂದು ಕೀಬೋರ್ಡಿನಲ್ಲಿ ಎರಡು ಸಪ್ತಕ ಕೆಳಗೆ ಹೋಗುವವರು ಇಳಿಕೆಯ ಸಮಯವನ್ನೂ ಅದಕ್ಕೆ ತಕ್ಕಂತೆ ಹಿಗ್ಗಿಸದಿದ್ದರೆ ದೊರೆಯುವುದು ತಗಡಿನ ಡಬ್ಬದ ಸದ್ದು.

ಇಳಿಕೆ

ಇಳಿಕೆಯನ್ನು ಅಳೆಯುವ ಕ್ರಮ ಹೀಗೆ. ಅದೇ ರೆಕಾರ್ಡಿಂಗಿನಲ್ಲಿ ಹೊಡೆತದ ತುಸು ನಂತರದ ಅರ್ಧ ಸೆಕೆಂಡಿನ ತುಣುಕೊಂದನ್ನು ಆಯ್ದು, ಸ್ಪೆಕ್ಟ್ರಮ್‌ನ ಗಾತ್ರವನ್ನು 16384ಕ್ಕೆ ಇಳಿಸಿ, ಒಂದೊಂದು ಶಿಖರದ ಡೆಸಿಬೆಲ್ ಎತ್ತರವನ್ನು ಬರೆದುಕೊಳ್ಳಿ. ಬಳಿಕ ಸರಿಯಾಗಿ ಒಂದು ಸೆಕೆಂಡು ಮುಂದೆ ಸರಿದು, ಅಷ್ಟೇ ಉದ್ದದ ತುಣುಕಿನಲ್ಲಿ ಅದೇ ಶಿಖರಗಳ ಎತ್ತರವನ್ನು ನೋಡಿ. 520 ಹರ್ಟ್ಸ್‌ನ ಶಿಖರ ಮೊದಲು -20ರಲ್ಲಿದ್ದದ್ದು ಆಮೇಲೆ -32ಕ್ಕೆ ಬಂದಿದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 12 ಡೆಸಿಬೆಲ್ ಇಳಿದಂತಾಯಿತು. ಕೇಳದಷ್ಟು ಅಡಗಲು 60 ಡೆಸಿಬೆಲ್ ಇಳಿಯಬೇಕೆಂಬುದು ರೂಢಿಯ ಲೆಕ್ಕ. ಅಲ್ಲಿಗೆ ಈ ಮೋಡ್‌ನ ಆಯುಸ್ಸು 5 ಸೆಕೆಂಡು. ಸೂಪರ್‌ಕೊಲೈಡರಿಗೆ ಈ 5ನ್ನು ಹಾಗೆಯೇ ಕೊಡಬಹುದು. ಸಿಸೌಂಡಿನ ಮೋಡ್ ಎಂಬ ಘಟಕ ಸಮಯದ ಬದಲು ಕ್ಯೂ ಎಂಬ ಸಂಖ್ಯೆಯನ್ನು ಕೇಳುತ್ತದೆ. ಆವೃತ್ತಿಯನ್ನು ಸಮಯದಿಂದ ಗುಣಿಸಿ 2.2ರಿಂದ ಭಾಗಿಸಿದರೆ ಅದು ಸಿಗುತ್ತದೆ. ಇಲ್ಲಿ ಅದು ಸುಮಾರು 1180.

ಅಳತೆ ಇಲ್ಲದವರಿಗೆ ನಾನು ಬಳಸುವ ಒರಟು ಸೂತ್ರವೊಂದಿದೆ. ಲೋಹಕ್ಕೆ, ಮೂಲ ಮೋಡ್‌ನ ಸಮಯವನ್ನು ಆಯಾ ಅನುಪಾತದಿಂದ ಭಾಗಿಸಿ. ಜಾಗಟೆಯ ಮೂಲಕ್ಕೆ 4 ಸೆಕೆಂಡು ಕೊಟ್ಟರೆ ಮುಂದಿನವಕ್ಕೆ 2.3, 1.7, 1.0, 1.0, 0.6, 0.6, 0.5 ಬರುತ್ತದೆ. ಮರದ ಪಟ್ಟಿಯ ಸದ್ದು ಬೇಕಿದ್ದರೆ ಮೂಲದ ಸಮಯವನ್ನು 0.3 ಸೆಕೆಂಡಿಗೆ ಇಳಿಸಿ, ಅನುಪಾತದ ವರ್ಗದಿಂದ ಭಾಗಿಸಿ. ಒಂದೇ ಆವೃತ್ತಿಗಳ ಪಟ್ಟಿಯನ್ನು ಇಟ್ಟುಕೊಂಡು ಈ ಎರಡು ಇಳಿಕೆಗಳನ್ನು ಒಂದಾದಮೇಲೊಂದು ಕೇಳಿ ನೋಡಿ. ಠಣ್ ಎನ್ನುತ್ತಿದ್ದದ್ದು ಟಕ್ ಎನ್ನುತ್ತದೆ, ಆವೃತ್ತಿಯ ಒಂದಂಕಿಯೂ ಬದಲಾಗದೆ.

ನಾಬ್‌ಗಳ ತಂತ್ರಾಂಶಗಳಲ್ಲಿ ಇದೇ ಕೆಲಸವನ್ನು ಎರಡು ನಾಬ್‌ಗಳು ಹಂಚಿಕೊಂಡಿವೆ. ಕೊಲಿಷನ್‌ನಲ್ಲಿ ಡಿಕೇ ಒಟ್ಟು ಆಯುಸ್ಸನ್ನು ನಿರ್ಧರಿಸಿದರೆ, ಮೆಟೀರಿಯಲ್ ಎಂಬುದು ಮೇಲಿನ ಸದ್ದುಗಳು ಕೆಳಗಿನವುಗಳಿಗಿಂತ ಎಷ್ಟು ಬೇಗ ಅಡಗಬೇಕೆಂಬುದನ್ನು ನಿರ್ಧರಿಸುತ್ತದೆ. ಕೆಳಗಿಳಿಸಿದರೆ ಮರ, ನೈಲಾನ್. ಏರಿಸಿದರೆ ಗಾಜು, ಲೋಹ. ಎಲಿಮೆಂಟ್ಸ್‌ನಲ್ಲಿ ಡ್ಯಾಂಪಿಂಗ್ ಮತ್ತು ಬ್ರೈಟ್‌ನೆಸ್ ಇದೇ ಜೋಡಿ. ಹೊಸಬರು ಸಾಮಾನ್ಯವಾಗಿ ಡಿಕೇಯನ್ನು ತುದಿಗೆ ತಿರುಗಿಸಿ, ಲೋಹದ ಸದ್ದು ಬರಲಿಲ್ಲವೆಂದು ಗೊಣಗುತ್ತಾರೆ. ಮೆಟೀರಿಯಲನ್ನು ಮೊದಲು ಸರಿಪಡಿಸಿ, ಡಿಕೇಯನ್ನು ಆಮೇಲೆ ಮುಟ್ಟುವುದು ಒಳ್ಳೆಯದು. ಮೆಟೀರಿಯಲನ್ನು ಪೂರ್ತಿ ಮೇಲಕ್ಕೇರಿಸಿದರೂ ಸದ್ದು ಗಾಜಿನ ಕಡೆಗೆ ವಾಲುತ್ತದೆ. ಕಂಚು ಇರುವುದು ಅದಕ್ಕಿಂತ ತುಸು ಕೆಳಗೆ.

ಸೂತ್ರದಿಂದ ಬಂದ ಇಳಿಕೆ ನಯವಾಗಿರುತ್ತದೆ, ನಿಜವಾದ ಲೋಹದ ಇಳಿಕೆ ಹಾಗಿರುವುದಿಲ್ಲ. ಗಾಳಿಗೆ ಸದ್ದನ್ನು ಚೆನ್ನಾಗಿ ಹರಡುವ ಮೋಡ್ ತನ್ನ ಶಕ್ತಿಯನ್ನು ಬೇಗ ಕಳೆದುಕೊಂಡು ಅಡಗುತ್ತದೆ. ದಾರ ಕಟ್ಟಿದ ಜಾಗದಲ್ಲಿ ಅಲುಗಾಟವೇ ಇಲ್ಲದ ಮೋಡ್ ಹೆಚ್ಚು ಹೊತ್ತು ಬಾಳುತ್ತದೆ. ಆದ್ದರಿಂದ ಪಟ್ಟಿಯನ್ನು ಬರೆದ ಮೇಲೆ ಬೇಕೆಂದೇ ಕೆಡಿಸಿ. ಮೂರನೆಯ ಮೋಡ್‌ನ ಸಮಯವನ್ನು ಅರ್ಧಕ್ಕೆ ಇಳಿಸಿ, ಐದನೆಯದನ್ನು ಎರಡು ಪಟ್ಟು ಮಾಡಿ, ಕೇಳಿ. ನನ್ನ ಅನುಭವದಲ್ಲಿ ಸದ್ದಿಗೆ ಒಂದು ನಿರ್ದಿಷ್ಟ ಜಾಗಟೆಯ ಗುರುತು ಬರುವುದು ಈ ಹಂತದಲ್ಲಿಯೇ.

ಕೊಡತಿ, ಕೋಲು, ಗಂಟೆಯ ನಾಲಗೆ

ಹೊಡೆತವೆಂದರೆ ಎರಡು ವಸ್ತುಗಳು ಒಂದಿಷ್ಟು ಹೊತ್ತು ತಾಗಿಕೊಂಡಿರುವುದು. ಬಟ್ಟೆ ಸುತ್ತಿದ ಕೊಡತಿ 2 ಮಿಲಿಸೆಕೆಂಡು ತಾಗಿದ್ದರೆ, ಸುಮಾರು 750 ಹರ್ಟ್ಸ್‌ನಿಂದ ಮೇಲಿನ ಮೋಡ್‌ಗಳಿಗೆ ಅದು ಹೆಚ್ಚೇನೂ ಶಕ್ತಿ ಕೊಡಲಾರದು. ಕಬ್ಬಿಣದ ನಾಲಗೆ 0.2 ಮಿಲಿಸೆಕೆಂಡಿನಲ್ಲಿ ತಾಗಿ ಹಿಂದೆ ಸರಿದರೆ ಆ ಗಡಿ 7500ಕ್ಕೆ ಏರುತ್ತದೆ. ಕೊಲಿಷನ್‌ನ ಸ್ಟಿಫ್‌ನೆಸ್ ನಾಬ್ ಬದಲಿಸುವುದು ಇದನ್ನೇ. ಪ್ರೋಗ್ರಾಮು ಬರೆಯುವವರು ಒಂದೇ ಒಂದು ಚೂಪು ಸ್ಪಂದವನ್ನು, ಒಂದು ಗಡಿಯಿಂದ ಮೇಲಿನ ಆವೃತ್ತಿಗಳನ್ನು ತಡೆಯುವ ಲೋ-ಪಾಸ್ ಫಿಲ್ಟರಿನ ಮೂಲಕ ಹಾಯಿಸಿ ರೆಸೋನೇಟರಿಗೆ ಕೊಟ್ಟರೆ ಸಾಕು. ಫಿಲ್ಟರಿನ ಗಡಿಯೇ ಕೊಡತಿಯ ಮೃದುತ್ವ. ಜೋರಾಗಿ ಹೊಡೆದಾಗ ಕೋಲು ಹೆಚ್ಚು ಬಿರುಸಾಗಿ ಪುಟಿದು ತಾಗುವ ಸಮಯ ಕಡಿಮೆಯಾಗುತ್ತದೆ, ಆದ್ದರಿಂದ ಕೀಲಿಯ ವೇಗವನ್ನು (ಕೀಲಿಯನ್ನು ಎಷ್ಟು ಬಿರುಸಾಗಿ ಒತ್ತಿದಿರೆಂದು ಹೇಳುವ, 127ರವರೆಗಿನ ಸಂಖ್ಯೆ) ಧ್ವನಿಯ ಮಟ್ಟಕ್ಕೆ ಮಾತ್ರವಲ್ಲ, ಈ ಗಡಿಗೂ ಜೋಡಿಸಬೇಕು. ಇದೊಂದನ್ನು ಮರೆತರೆ ಮೆಲುದನಿಯ ಹೊಡೆತ ದೂರದಿಂದ ಕೇಳುವ ಜೋರು ಹೊಡೆತದಂತಾಗುತ್ತದೆ.

ಹೊಡೆಯುವ ಜಾಗದ್ದು ಬೇರೆ ಪ್ರಭಾವ. ತಟ್ಟೆಯ ನಟ್ಟನಡುವೆ ಹೊಡೆದರೆ, ನಡುವಿನ ಮೂಲಕ ಅಡ್ಡ ಗೆರೆಯಾಗಿ ಹಾದುಹೋಗುವ ನಿಶ್ಚಲ ರೇಖೆಯುಳ್ಳ ಮೋಡ್‌ಗಳು ಏಳುವುದಿಲ್ಲ. ಮೇಲಿನ ಪಟ್ಟಿಯಲ್ಲಿ ಉಳಿಯುವುದು 1.73 ಮತ್ತು 7.34 ಮಾತ್ರ, 1 ಕೂಡ ಮಾಯವಾಗುತ್ತದೆ. ಕೈಯ ಹೊಡೆತ ಎಂದೂ ಸರಿಯಾಗಿ ನಡುವಿಗೆ ಬೀಳುವುದಿಲ್ಲವಾದ್ದರಿಂದ ಅವು ಪೂರ್ತಿ ಸೊನ್ನೆಯಾಗದೆ ತೆಳುವಾಗುತ್ತವೆ. ಹಿಟ್ ಅಥವಾ ಪೊಸಿಷನ್ ನಾಬ್‌ಗೆ ಪ್ರತಿ ಹೊಡೆತಕ್ಕೂ ತುಸು ಅನಿಶ್ಚಿತತೆ ಬೆರೆಸಿದರೆ, ಸಾಲಾಗಿ ಬೀಳುವ ಹತ್ತು ಹೊಡೆತಗಳಲ್ಲಿ ಎರಡು ಒಂದೇ ತೆರನಾಗಿ ಕೇಳುವುದಿಲ್ಲ.

ಅಲೆಅಲೆಯಾಗಿ ತೂಗುವ ಸದ್ದು

ದೊಡ್ಡ ಗಂಟೆ ಅಡಗುವಾಗ ವೋಂ... ವೋಂ... ಎಂದು ತೂಗುವುದನ್ನು ಎಲ್ಲರೂ ಕೇಳಿರುತ್ತೇವೆ. ದುಂಡನೆಯ ವಸ್ತುವಿನ ಬಹುತೇಕ ಮೋಡ್‌ಗಳು ಅವಳಿಗಳಾಗಿ ಇರುತ್ತವೆ. ಎರಕದಲ್ಲಿ ಒಂದು ಕಡೆ ದಪ್ಪ ಹೆಚ್ಚಾಗಿದ್ದರೆ, ಅಂಚಿನಲ್ಲಿ ಒಂದು ತಗ್ಗಿದ್ದರೆ ಅವಳಿಗಳ ಆವೃತ್ತಿ ಕೂದಲೆಳೆಯಷ್ಟು ಬೇರೆಯಾಗಿ, 612 ಮತ್ತು 614 ಹರ್ಟ್ಸ್ ಎಂಬಂತೆ ನಿಂತು, ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ಇಳಿಯುತ್ತದೆ. ಸ್ಪೆಕ್ಟ್ರಮ್‌ನಲ್ಲಿ ಅಷ್ಟು ಸಣ್ಣ ಗೆರೆಗಳನ್ನು ಬಯಸಿದ್ದು ಈ ಜೋಡಿ ಶಿಖರಗಳನ್ನು ಹಿಡಿಯಲು. ಅವು ಒಂದೇ ಗುಡ್ಡದಂತೆ ಕಂಡರೆ ಆಯ್ದ ತುಣುಕನ್ನು ಇನ್ನೂ ಉದ್ದವಾಗಿಸುವ ಬದಲು, ಗಡಿಯಾರ ಹಿಡಿದು ತೂಗಾಟವನ್ನು ಕಿವಿಯಿಂದಲೇ ಎಣಿಸಿ. ಕಿವಿ ಈ ಕೆಲಸದಲ್ಲಿ ತಂತ್ರಾಂಶಕ್ಕಿಂತ ಚುರುಕು.

ಕಟ್ಟುವಾಗ ಕೆಳಗಿನ ನಾಲ್ಕೈದು ಮೋಡ್‌ಗಳಿಗೆ ಮಾತ್ರ ಅವಳಿ ಕೊಟ್ಟು, ಪ್ರತಿಯೊಂದಕ್ಕೂ 0.5ರಿಂದ 3 ಹರ್ಟ್ಸ್‌ನ ಒಳಗೆ ಬೇರೆ ಬೇರೆ ಅಂತರವಿಡಿ. ಎರಡು ರೆಸೋನೇಟರುಗಳಿರುವ ತಂತ್ರಾಂಶದಲ್ಲಿ ಒಂದೇ ವಸ್ತುವನ್ನು ಎರಡರಲ್ಲೂ ಹಾಕಿ, ಅಕ್ಕಪಕ್ಕ ಜೋಡಿಸಿ, ಎರಡನೆಯದನ್ನು ಏಳು ಸೆಂಟ್‌ನಷ್ಟು (ನೂರು ಸೆಂಟ್ ಎಂದರೆ ಅರ್ಧ ಸ್ವರ) ಸರಿಸಿದರೆ 500 ಹರ್ಟ್ಸ್‌ನಲ್ಲಿ ಎರಡು ಹರ್ಟ್ಸ್‌ನ ತೂಗಾಟ ಸಿಗುತ್ತದೆ. ಮೇಲಿನ ಮೋಡ್‌ಗಳು ಇನ್ನೂ ವೇಗವಾಗಿ ತೂಗುವುದು ಈ ಉಪಾಯದ ದೋಷ. ಅವು ಬೇಗ ಅಡಗುವುದರಿಂದ ಅಷ್ಟಾಗಿ ಕಾಡುವುದಿಲ್ಲ.

ಮಾದರಿ ಸೋಲುವ ಜಾಗ

ತೆಳ್ಳಗಿನ ಜಾಗಟೆಯನ್ನೋ ದೊಡ್ಡ ಗಾಂಗನ್ನೋ ಜೋರಾಗಿ ಹೊಡೆದಾಗ ಸದ್ದು ಹೊಡೆತದ ಕ್ಷಣದಲ್ಲಿ ಪೂರ್ತಿ ಬೆಳಗುವುದಿಲ್ಲ. ಶಕ್ತಿ ಕೆಳಗಿನ ಮೋಡ್‌ಗಳಿಂದ ಮೇಲಿನವಕ್ಕೆ ಹರಿದು, ತುಸು ತಡವಾಗಿ ಝುಂಯ್ ಎಂದು ಅರಳುತ್ತದೆ. ತಟ್ಟೆ ತನ್ನ ದಪ್ಪಕ್ಕೆ ಹೋಲಿಸುವಷ್ಟು ದೂರ ಬಾಗಿದಾಗ ಮೋಡ್‌ಗಳು ಒಂದನ್ನೊಂದು ಎಳೆದಾಡುವುದು ಇದಕ್ಕೆ ಕಾರಣ. ನಾವು ಕಟ್ಟಿದ ಮಾದರಿಯಲ್ಲಿ ಮೋಡ್‌ಗಳು ಒಂದರ ಮಾತು ಇನ್ನೊಂದು ಕೇಳುವುದೇ ಇಲ್ಲ. ಎಡಿನ್‌ಬರೋ ವಿಶ್ವವಿದ್ಯಾಲಯದ ಸ್ಟೀಫನ್ ಬಿಲ್ಬಾವೋ ಅವರಂಥವರು ಇದನ್ನು ಇಡೀ ತಟ್ಟೆಯ ಸಮೀಕರಣಗಳಿಂದ ಲೆಕ್ಕಹಾಕುತ್ತಾರೆ, ಅದಕ್ಕೆ ಬೇಕಾದ ಗಣನೆ ಬಹಳ ಹೆಚ್ಚು.

ನಮಗೆ ಒಂದು ತೇಪೆ ಸಾಕಾದೀತು. 3000 ಹರ್ಟ್ಸ್‌ನಿಂದ ಮೇಲಿನ ಗೊರಗೊರ ಸದ್ದನ್ನು (ನಾಯ್ಸ್), ಹೊಡೆತದ ನಂತರ ನೂರು ಮಿಲಿಸೆಕೆಂಡಿನಲ್ಲಿ ಏರಿ ಅರ್ಧ ಸೆಕೆಂಡಿನಲ್ಲಿ ಇಳಿಯುವಂತೆ ರೂಪಿಸಿ, ಅದನ್ನು ನೇರವಾಗಿ ಹೊರಗೆ ಕೇಳಿಸದೆ ಎರಡನೆಯ ಹೊಡೆತದಂತೆ ರೆಸೋನೇಟರಿನೊಳಗೆ ಕಳಿಸಿ. ಕೀಲಿಯ ವೇಗ ನೂರನ್ನು ದಾಟಿದಾಗ ಮಾತ್ರ ಅದು ಏಳುವಂತಿರಲಿ. ಇದಕ್ಕಾಗಿ ಎಂಟು ಮೋಡ್ ಸಾಲವು, ಮೂವತ್ತಾದರೂ ಬೇಕು.

ತೊಗಲಿನ ವಾದ್ಯಗಳ ಬಗ್ಗೆಯೂ ಒಂದು ಎಚ್ಚರಿಕೆ ಹೇಳಬೇಕು. ತಂತ್ರಾಂಶದ ಮೆಂಬ್ರೇನ್ ಆಯ್ಕೆ 1, 1.59, 2.14, 2.30 ಎಂಬ ಬರಿಯ ತೊಗಲಿನ ಅನುಪಾತಗಳನ್ನು ಕೊಡುತ್ತದೆ. ಮೃದಂಗಕ್ಕೆ ಅದು ಹೊಂದುವುದಿಲ್ಲ. ನಡುವೆ ಕರಣೆ (ಕಪ್ಪು ಲೇಪ) ಹಾಕಿದ ತೊಗಲಿನ ಮೊದಲ ಒಂಬತ್ತು ಮೋಡ್‌ಗಳು 1, 2, 3, 4, 5 ಎಂಬ ಐದು ಸಂವಾದಿ ಸ್ವರಗಳಾಗಿ ಗುಂಪುಗೂಡುತ್ತವೆ ಎಂಬುದನ್ನು ಸಿ. ವಿ. ರಾಮನ್ ತೋರಿಸಿದ್ದಾರೆ, 1920ರಲ್ಲಿ ಆರಂಭಿಸಿದ ಆ ಚರ್ಚೆಯನ್ನು ಅವರು 1934ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ವಿಸ್ತರಿಸಿ ಬರೆದರು. ಆದ್ದರಿಂದ ಮೃದಂಗದ ಬಲಭಾಗವನ್ನು ಕಟ್ಟುವವರು ಮೆಂಬ್ರೇನನ್ನು ಬಿಟ್ಟು, ಆ ಐದು ಸಂಖ್ಯೆಗಳಿಂದ ಕೈಯಾರೆ ಪಟ್ಟಿ ಬರೆಯಬೇಕು.

ಎರಡನೆಯ ಹೊಡೆತ ಮತ್ತು ಕೊನೆಯ ಬಾಲ

ಇನ್ನೂ ಮೊಳಗುತ್ತಿರುವ ಗಂಟೆಗೆ ಮತ್ತೆ ಹೊಡೆದಾಗ ಹೊಸ ಗಂಟೆ ಹುಟ್ಟುವುದಿಲ್ಲ. ಅದೇ ಕಂಪನಕ್ಕೆ ಹೊಸ ಶಕ್ತಿ ಸೇರುತ್ತದೆ, ಕೆಲವೊಮ್ಮೆ ಎದುರುಬದುರಾಗಿ ಬಿದ್ದು ಒಂದೆರಡು ಮೋಡ್ ಕುಗ್ಗುತ್ತವೆ. ಆದರೆ ಹೆಚ್ಚಿನ ತಂತ್ರಾಂಶಗಳು ಪ್ರತಿ ಕೀಲಿಗೂ ಹೊಸ ಧ್ವನಿಯನ್ನು ತೆರೆಯುತ್ತವೆ. ಕೊಲಿಷನ್‌ನಲ್ಲಿ ರೀಟ್ರಿಗ್ ಗುಂಡಿಯನ್ನು ಒತ್ತಿಡಿ. ಸೂಪರ್‌ಕೊಲೈಡರಿನಲ್ಲಿ ರೆಸೋನೇಟರನ್ನು ಸದಾ ಚಾಲನೆಯಲ್ಲಿಟ್ಟು ಹೊಡೆತವನ್ನು ಮಾತ್ರ ಹೊಸದಾಗಿ ಕಳಿಸಿ. ಕೀಲಿಯಿಂದ ಬೆರಳೆತ್ತಿದಾಗ ಸದ್ದು ಕತ್ತರಿಸಿಹೋಗುವ ಏರ್ಪಾಡು ಇದ್ದರೆ ಗಂಟೆಗೆ ಅದನ್ನು ನಿಲ್ಲಿಸಿ. ತಾಳಕ್ಕೆ ಮಾತ್ರ ಉಳಿಸಿಕೊಳ್ಳಿ, ಏಕೆಂದರೆ ಬಟ್ಟಲುಗಳನ್ನು ಒಂದಕ್ಕೊಂದು ಒತ್ತಿ ಹಿಡಿದ ಮುಚ್ಚಿದ ಹೊಡೆತಕ್ಕೆ ಅದೇ ಬೇಕು.

ಪ್ರತಿಧ್ವನಿ, ಕಂಪ್ರೆಸರ್ ಮೊದಲಾದ ಅಲಂಕಾರಗಳನ್ನು ಹಾಕುವ ಮೊದಲು, ನಿಮ್ಮ ಮಾದರಿಯ ಒಂದು ಹೊಡೆತವನ್ನೂ ಮೂಲ ರೆಕಾರ್ಡಿಂಗಿನ ಒಂದು ಹೊಡೆತವನ್ನೂ ಒಂದೇ ಮಟ್ಟಕ್ಕೆ ತಂದು, ಮೊದಲ ಕಾಲು ಸೆಕೆಂಡನ್ನು ಎರಡರಿಂದಲೂ ಕತ್ತರಿಸಿ ಉಳಿದದ್ದನ್ನು ಮಾತ್ರ ಕೇಳಿ. ಹೊಡೆತದ ಸದ್ದು ಕಿವಿಯನ್ನು ಸುಲಭವಾಗಿ ಒಪ್ಪಿಸಿಬಿಡುವುದರಿಂದ, ಅದಿಲ್ಲದಾಗಲೇ ಇಳಿಕೆಯ ತಪ್ಪುಗಳು ಬಯಲಾಗುತ್ತವೆ. ಯಾವ ಮೋಡ್ ಹೆಚ್ಚು ಹೊತ್ತು ನಿಂತಿದೆ, ಯಾವುದು ಬೇಗ ಹೋಯಿತು ಎಂದು ಗುರುತಿಸಿ, ಪಟ್ಟಿಯಲ್ಲಿ ಒಂದೊಂದಾಗಿ ತಿದ್ದಿ. ಕಡತವನ್ನು ಹೊರತೆಗೆಯುವಾಗ 24 ಬಿಟ್‌ನಲ್ಲಿ, ಅತಿ ದೀರ್ಘ ಮೋಡ್‌ನ ಆಯುಸ್ಸಿಗಿಂತ ಎರಡು ಸೆಕೆಂಡು ಹೆಚ್ಚು ಜಾಗ ಬಿಟ್ಟು ತೆಗೆಯಿರಿ. ತಂತ್ರಾಂಶ ತಾನಾಗಿ ಊಹಿಸುವ ಅಂತ್ಯ ಸಾಮಾನ್ಯವಾಗಿ ಗಂಟೆ ಇನ್ನೂ ಗುಂಯ್‌ಗುಡುತ್ತಿರುವಾಗಲೇ ಬಂದುಬಿಡುತ್ತದೆ.